ರಂಗೋಲಿ ಹಾಕುವ ಕೈ



ಹೋದ ತಿಂಗಳು ಇಲ್ಲಿನ ಆವಕಾಯಿಗೂ ನಮ್ಮ ಬಳ್ಳಾರಿ ಕಡೆಯ ಮಾವಿನಕಾಯಿ ಉಪ್ಪಿನಕಾಯಿಗೂ ಇರುವ ಜಗಳದ ಬಗ್ಗೆ ಬರೆದಿದ್ದೆ. ಸಾಸಿವೆ ಪುಡಿಯ ಅಳತೆ ತಪ್ಪೆಂದು ಇಬ್ಬರು, ಸರಿಯೆಂದು ಒಬ್ಬರು ಫೋನ್ ಮಾಡಿದರು. ಈ ಅಂಕಣಕ್ಕೂ ಓದುಗರಿದ್ದಾರೆಂದು ನನಗೆ ಖಾತ್ರಿಯಾದದ್ದೇ ಆಗ! ಈ ಸಲವೂ ಅಡಿಗೆಮನೆ ದಾಟಿ ಬರುವುದು ಬೇಡವೆಂದೇ ಇದ್ದೆ. ಆದರೆ ಒಂದು ವಿಷಯ ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನಂತೆ ಬಹಳ ದಿನಗಳಿಂದ ಕಾಡುತ್ತಿದೆ. ಹೇಳಿಬಿಡುತ್ತೇನೆ. ಓದಿ ಬೇಸರವಾದರೆ ಮುಂದಿನ ತಿಂಗಳು ಪುನಃ ಉಪ್ಪಿನಕಾಯಿಗೇ ಬರೋಣ.

ನನ್ನ ಮಗಳು ಜರ್ಮನಿಯಲ್ಲಿದ್ದಾಳೆಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. 2024ರಲ್ಲಿ ರಜೆಗೆಂದು ಗೆಳತಿಯರೊಂದಿಗೆ ಇಟಲಿಯ ವೆನಿಸ್ ನಗರಕ್ಕೆ ಹೋಗಿದ್ದಳು. ಅಲ್ಲಿಂದ ಫೋನಿಗೆ ಒಂದು ಚಿತ್ರ ಕಳಿಸಿದಳು. ಕನ್ನಡಕ ಹಾಕಿಕೊಂಡು ನೋಡಿದೆ. ದೊಡ್ಡದೊಂದು ಗೋಡೆ, ಅದರ ತುಂಬ ಬಣ್ಣವೋ ಬಣ್ಣ. ಸಂಕ್ರಾಂತಿಯ ದಿನ ನಮ್ಮ ಪೆಂಡುರ್ತಿಯ ಬೀದಿಯನ್ನು ಎತ್ತಿ ನಿಲ್ಲಿಸಿದ ಹಾಗೆ! ಹಿಂದೆಯೇ ಅವಳ ಫೋನು. "ಅಮ್ಮಾ, ಇದನ್ನು ಬರೆದವರು ಬೆಂಗಳೂರಿನವರು. ಯಾರು ಗೊತ್ತಾ? ಮಂಗಳಮುಖಿಯರು."

ನಮ್ಮವರು ಪಕ್ಕದಿಂದ ಇಣುಕಿ "ಚೆನ್ನಾಗಿದೆಯಲ್ಲ" ಎಂದು ಹೇಳಿ ಪೇಪರಿಗೆ ಮರಳಿದರು. ನನಗೆ ಮಾತ್ರ ಆ ಬಣ್ಣ ನೋಡಿ ಹೊಸಪೇಟೆಯ ನಮ್ಮ ತವರುಮನೆಯ ಅಂಗಳ ಕಣ್ಣಿಗೆ ಕಟ್ಟಿತು. ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು ಆ ಪ್ರದರ್ಶನದ ವಿಷಯ.

ವೆನಿಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಬಿಯೆನಾಲೆ ಎಂಬ ದೊಡ್ಡ ಕಲಾಪ್ರದರ್ಶನ ನಡೆಯುತ್ತದೆ. ಚಿತ್ರಕಾರರಿಗೆ ಅದು ನಮ್ಮ ಮೈಸೂರು ದಸರೆ ಇದ್ದಂತೆ. 2024ರದು ಅರವತ್ತನೆಯದು. ಏಪ್ರಿಲ್ 20ರಿಂದ ನವೆಂಬರ್ 24ರವರೆಗೆ ನಡೆಯಿತು. ಮುಖ್ಯ ಪ್ರದರ್ಶನವೊಂದರಲ್ಲೇ 331 ಕಲಾವಿದರು ಮತ್ತು ತಂಡಗಳು. ಅದರ ಒಂದು ಭಾಗ ನಡೆಯುವುದು ಆರ್ಸೆನಾಲೆ ಎಂಬಲ್ಲಿ. ಅದು ಶತಮಾನಗಳ ಹಿಂದೆ ವೆನಿಸ್‌ನವರು ಹಡಗು ಕಟ್ಟುತ್ತಿದ್ದ ಜಾಗ. ವಿಶಾಖಪಟ್ಟಣದ ಶಿಪ್‌ಯಾರ್ಡಿನಲ್ಲಿ ಆಯುಷ್ಯ ಸವೆಸಿದ ನಮ್ಮ ಸಂಘದ ಹಿರಿಯರಿಗೆ ಇದನ್ನು ಹೇಳಿದಾಗ, "ಹಾಗಾದರೆ ನಮ್ಮದರಲ್ಲೂ ಮುಂದೊಂದು ದಿನ ಚಿತ್ರ ತೂಗುಹಾಕುತ್ತಾರೆ ಬಿಡಿ" ಎಂದು ನಕ್ಕರು.

ಆ ವರ್ಷ ಪ್ರದರ್ಶನವನ್ನು ರೂಪಿಸಿದವರು ಬ್ರೆಜಿಲ್ ದೇಶದ ಆಡ್ರಿಯಾನೊ ಪೆಡ್ರೋಸಾ. ತಾವು ಕ್ವಿಯರ್ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡವರು. ಅವರು ಇಟ್ಟ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ 'ಎಲ್ಲೆಲ್ಲೂ ಪರದೇಶಿಗಳು' ಎಂದಾಗುತ್ತದೆ. ವಲಸೆ ಬಂದವರು, ನಿರಾಶ್ರಿತರು, ಆದಿವಾಸಿಗಳು, ಹಳ್ಳಿಯ ಜಾನಪದ ಕಲಾವಿದರು, ಜೊತೆಗೆ ಹೆಣ್ಣು ಗಂಡು ಎಂಬ ಎರಡು ಡಬ್ಬಿಗಳಲ್ಲಿ ಹಿಡಿಸದವರು, ತಮ್ಮಂಥವರನ್ನೇ ಪ್ರೀತಿಸುವವರು, ಹೀಗೆ ಇರುವಲ್ಲೇ ಹೊರಗಿನವರಾದವರನ್ನೆಲ್ಲ ಅಲ್ಲಿಗೆ ಕರೆದಿದ್ದರು.

ಪರದೇಶಿ! ಎಂಥ ಮಾತು ನೋಡಿ. ಇಂಗ್ಲಿಷಿನಲ್ಲಿ ಅದಕ್ಕೆ ಹೊರದೇಶದವನು ಎಂದಷ್ಟೇ ಅರ್ಥ. ಕನ್ನಡದಲ್ಲಿ ಯಾರೂ ಇಲ್ಲದವನು ಎಂದೂ ಅರ್ಥ. "ತಂದೆ ತಾಯಿ ಹೋಗಿ ಮಗು ಪರದೇಶಿ ಆಯ್ತು" ಎನ್ನುತ್ತೇವಲ್ಲ. ಮದುವೆಯಾಗಿ ಮೊದಲ ಸಲ ವಿಶಾಖಪಟ್ಟಣದಲ್ಲಿ ಇಳಿದಾಗ, ತರಕಾರಿಯವನಿಗೆ ಬೀನ್ಸಿನ ಹೆಸರು ಹೇಳಲಾರದೆ ಕಣ್ಣಲ್ಲಿ ನೀರು ತಂದುಕೊಂಡವಳು ನಾನು. ಬಳ್ಳಾರಿ ಕಡೆಯವಳಾಗಿ ಅಷ್ಟಿಷ್ಟು ತೆಲುಗು ಬಂದರೂ ಇಲ್ಲಿನ ಉತ್ತರಾಂಧ್ರದ ತೆಲುಗೇ ಬೇರೆ. ಹೊರನಾಡ ಕನ್ನಡಿಗರೆಂದು ಸಂಘ ಕಟ್ಟಿಕೊಂಡ ನಮಗೆ ಈ ಮಾತಿನ ಒಂದು ಅರ್ಥ ಚೆನ್ನಾಗಿ ಗೊತ್ತು. ಇನ್ನೊಂದು ಅರ್ಥ ಗೊತ್ತಿಲ್ಲ, ಏಕೆಂದರೆ ನಮಗೆ ಹಿಂದಿರುಗಲು ತವರೊಂದಿತ್ತು.

ಇನ್ನು ಕ್ವಿಯರ್ ಎಂಬ ಪದ. ನಾನು ಬಿ.ಎ. ಓದುವಾಗ ಅದಕ್ಕೆ ನಿಘಂಟಿನಲ್ಲಿ ನೋಡಿದ ಅರ್ಥ 'ವಿಚಿತ್ರ'. ಬೈಯಲು ಬಳಸುತ್ತಿದ್ದ ಆ ಮಾತನ್ನು ಬೈಸಿಕೊಂಡವರೇ ಎತ್ತಿಕೊಂಡು, ಹೌದು ನಾವು ಅದೇ ಎಂದು ಹೆಗಲಿಗೆ ಹಾಕಿಕೊಂಡರು. ನಮ್ಮಲ್ಲಿ ಒಂಬತ್ತು ಎಂಬ ಬಡಪಾಯಿ ಸಂಖ್ಯೆಯನ್ನೇ ಬೈಗುಳ ಮಾಡಿದ್ದೇವಲ್ಲ, ಅದನ್ನು ಇನ್ನೂ ಯಾರೂ ಹಾಗೆ ಎತ್ತಿಕೊಂಡಂತಿಲ್ಲ.

ಅದೇ ಬಿ.ಎ. ತರಗತಿಯಲ್ಲಿ ನಮಗೆ ಆಸ್ಕರ್ ವೈಲ್ಡ್‌ನ ನಗೆನಾಟಕವೊಂದು ಪಠ್ಯವಾಗಿತ್ತು. ಪಾಠ ಮಾಡಿದವರು ಒಳ್ಳೆಯ ಮೇಷ್ಟ್ರು. ಆದರೆ ನಾಟಕಕಾರನ ಜೀವನಚರಿತ್ರೆಗೆ ಬಂದಾಗ, "ಕೊನೆಗಾಲದಲ್ಲಿ ಏನೋ ಕಾರಣಕ್ಕೆ ಜೈಲಿಗೆ ಹೋದ" ಎಂದು ಹೇಳಿ ಪುಟ ತಿರುವಿದರು. ಆ 'ಏನೋ ಕಾರಣ' ಏನೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಗಂಡಸಾಗಿ ಗಂಡಸನ್ನು ಪ್ರೀತಿಸಿದ್ದಕ್ಕೆ ಲಂಡನ್ನಿನ ನ್ಯಾಯಾಲಯ ಅವನಿಗೆ ಎರಡು ವರ್ಷ ಕಠಿಣ ಸಜೆ ಕೊಟ್ಟಿತು, 1895ರ ಮೇ 25ರಂದು. ವೆನಿಸ್‌ನ ಈ ಪ್ರದರ್ಶನ ಮೊಟ್ಟಮೊದಲು ಬಾಗಿಲು ತೆರೆದದ್ದು ಯಾವಾಗ ಗೊತ್ತೇ? ಅದೇ 1895ರ ಏಪ್ರಿಲ್ 30ರಂದು! ಒಂದು ತಿಂಗಳೂ ಅಂತರವಿಲ್ಲ. ನಮ್ಮ ದೇಶದಲ್ಲಿ ಅಂಥದೇ ಕಾನೂನನ್ನು ಬ್ರಿಟಿಷರು 1860ರಲ್ಲೇ ತಂದಿಟ್ಟಿದ್ದರು. ಅವರು ಹೋದ ಮೇಲೂ ನಾವು ಅದನ್ನು ಜೋಪಾನ ಮಾಡಿದೆವು. ಒಪ್ಪಿಗೆಯಿಂದ ಕೂಡಿದ ವಯಸ್ಕರನ್ನು ಅಪರಾಧಿಗಳೆನ್ನುವುದನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೂ ಮೊದಲು, 2014ರ ಏಪ್ರಿಲ್ 15ರಂದು ಮೂರನೆಯ ಲಿಂಗವೆಂಬುದನ್ನು ಅದೇ ಕೋರ್ಟು ಮಾನ್ಯ ಮಾಡಿತ್ತು.

ಮಗಳು ಕಳಿಸಿದ ಚಿತ್ರ ಬರೆದವರು 'ಅರವಾಣಿ ಆರ್ಟ್ ಪ್ರಾಜೆಕ್ಟ್' ಎಂಬ ತಂಡದವರು. 2016ರಲ್ಲಿ ಬೆಂಗಳೂರಿನ ಕಲಾವಿದೆ ಪೂರ್ಣಿಮಾ ಸುಕುಮಾರ್ ಇದನ್ನು ಆರಂಭಿಸಿದರು. ಹುಟ್ಟಿನಿಂದ ಹೆಣ್ಣಾದವರೂ ಆಮೇಲೆ ಹೆಣ್ಣಾದವರೂ ಕೂಡಿ ಊರೂರ ಗೋಡೆಗಳ ಮೇಲೆ ಚಿತ್ರ ಬರೆಯುತ್ತಾರೆ. ಅರವಾಣಿ ಎಂಬ ಹೆಸರು ಬಂದದ್ದು ಮಹಾಭಾರತದಿಂದ. ಅರ್ಜುನನ ಮಗ ಇರಾವಂತನನ್ನು ತಮಿಳರು ಅರವಾನ್ ಎನ್ನುತ್ತಾರೆ. ಯುದ್ಧಕ್ಕೆ ಮುನ್ನ ಬಲಿಯಾಗಬೇಕಾದ ಆ ಹುಡುಗ, ಸಾಯುವ ಮೊದಲು ಮದುವೆಯಾಗಬೇಕೆಂದು ಕೇಳಿದನಂತೆ. ನಾಳೆ ಸಾಯುವವನಿಗೆ ಹೆಣ್ಣು ಕೊಡುವವರಾರು? ಕೃಷ್ಣನೇ ಮೋಹಿನಿಯಾಗಿ ಬಂದು ಒಂದು ರಾತ್ರಿಯ ಹೆಂಡತಿಯಾದ. ತಮಿಳುನಾಡಿನ ಕೂವಾಗಂ ಎಂಬ ಹಳ್ಳಿಯಲ್ಲಿ ಇಂದಿಗೂ ಚಿತ್ತಿರೈ ಮಾಸದಲ್ಲಿ ಸಾವಿರಾರು ಮಂಗಳಮುಖಿಯರು ಸೇರಿ ಆ ದೇವರ ಹೆಸರಿನಲ್ಲಿ ತಾಳಿ ಕಟ್ಟಿಸಿಕೊಳ್ಳುತ್ತಾರೆ, ಮರುದಿನ ಅದನ್ನು ಕಿತ್ತು ಬಿಳಿ ಸೀರೆ ಉಟ್ಟು ಅಳುತ್ತಾರೆ.

ವೆನಿಸ್‌ನ ಗೋಡೆಯ ಚಿತ್ರಕ್ಕೆ ಅವರು ಇಟ್ಟ ಹೆಸರು 'ಡಯಾಸ್ಪೋರ್'. ಸಸ್ಯಶಾಸ್ತ್ರದಲ್ಲಿ ಅದು ತಾಯಿಗಿಡದಿಂದ ದೂರ ಹೋಗಿ ಬೀಳಲು ಸಿದ್ಧವಾದ ಬೀಜ, ಅದಕ್ಕೆ ಅಂಟಿಕೊಂಡ ರೆಕ್ಕೆ ಪುಕ್ಕಗಳ ಸಮೇತ. ಎಕ್ಕದ ಕಾಯಿ ಒಡೆದಾಗ ಬಿಳಿ ನೂಲು ಹಿಡಿದು ತೇಲುತ್ತದಲ್ಲ, ಚಿಕ್ಕಂದಿನಲ್ಲಿ ಅಜ್ಜನ ಗಡ್ಡವೆಂದು ಓಡಿ ಹಿಡಿಯುತ್ತಿದ್ದೆವಲ್ಲ, ಅದು.

ಈ ತಂಡದ ಕೆಲಸವನ್ನು ನಾನು ಮೊದಲೇ ಒಮ್ಮೆ ನೋಡಿದ್ದೆ, ಅವರದೆಂದು ಗೊತ್ತಿಲ್ಲದೆ. ತಂಗಿಯ ಮಗಳ ಮದುವೆಗೆ ಹೂವು ತರಲು ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ನಸುಕಿನಲ್ಲಿ ಹೋಗಿದ್ದೆವು. ಅಲ್ಲೊಂದು ಗೋಡೆಯ ಮೇಲೆ ಗಾಢ ಬಣ್ಣದ ದೊಡ್ಡ ದೊಡ್ಡ ಮುಖಗಳು, 'ನಾವೂ ಇದ್ದೇವೆ' ಎಂಬ ಅರ್ಥದ ಬರಹ. ಯಾವುದೋ ಪಕ್ಷದ ಚುನಾವಣಾ ಘೋಷಣೆ ಇರಬೇಕೆಂದುಕೊಂಡೆ! ಸೇವಂತಿಗೆಯ ಚೌಕಾಸಿಯಲ್ಲಿ ಮರೆತೂಬಿಟ್ಟೆ. ಆ ಮಾರ್ಕೆಟ್ಟಿನ ಆಸುಪಾಸಿನಲ್ಲಿ ಕೈಯೊಡ್ಡಿ ಬೈಸಿಕೊಂಡವರು ಅದೇ ಮಾರ್ಕೆಟ್ಟಿನ ಗೋಡೆಯ ಮೇಲೆ ಏಣಿ ಹತ್ತಿ ತಮ್ಮಂಥವರ ಮುಖವನ್ನು ಆಳೆತ್ತರಕ್ಕೆ ಬರೆದದ್ದೆಂದು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಅದೇ ವೆನಿಸ್ ಪ್ರದರ್ಶನದಲ್ಲಿ ಭೂಪೇನ್ ಖಖ್ಖರ್ ಅವರ ಚಿತ್ರವೂ ಇತ್ತು. ಇವರು 1934ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಬರೋಡಾದಲ್ಲಿ ನೆಲೆಸಿದವರು. ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ಅರ್ಧ ದಿನ ಲೆಕ್ಕ ಬರೆದು, ಉಳಿದರ್ಧ ದಿನ ಚಿತ್ರ ಬರೆಯುತ್ತಿದ್ದರಂತೆ. ಪುರುಷರನ್ನು ಪ್ರೀತಿಸುವ ತಮ್ಮ ಸ್ವಭಾವವನ್ನು ತಾಯಿ ಬದುಕಿರುವವರೆಗೆ ಬಾಯಿಬಿಟ್ಟು ಹೇಳಲಾರದೆ ಹೋದರು. 1981ರ ಅವರ ಒಂದು ಪ್ರಸಿದ್ಧ ಚಿತ್ರದಲ್ಲಿ ಬಟ್ಟೆ ತೊಡದ ಗಂಡಸೊಬ್ಬ ಮಹಡಿಯ ಬಾಲ್ಕನಿಯಲ್ಲಿ ನಿಂತಿದ್ದಾನೆ. ಕೆಳಗೆ ಬೀದಿಯಲ್ಲಿ ತಂದೆ, ಮಗ ಮತ್ತು ಕತ್ತೆ. ಹೌದು, ನಮ್ಮ ಮಕ್ಕಳಿಗೆಲ್ಲ ಹೇಳುವ ಅದೇ ಕತೆ. ಕತ್ತೆ ಹತ್ತಿದರೂ ಬೈಗುಳ, ಇಳಿದರೂ ಬೈಗುಳ, ಹೊತ್ತರೂ ಬೈಗುಳ. ಎಲ್ಲರನ್ನೂ ಮೆಚ್ಚಿಸಲಾಗದು ಎಂಬುದೇ ಚಿತ್ರದ ಹೆಸರು. ಈಗ ಅದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಆ ಕತೆಯನ್ನು ನನ್ನ ಮಕ್ಕಳಿಗೆ ನೂರು ಸಲ ಹೇಳಿದ್ದೇನೆ. ಬಾಲ್ಕನಿಯಲ್ಲಿ ನಿಂತು ಅದನ್ನು ನೋಡುತ್ತಿರುವವನೊಬ್ಬ ಇರಬಹುದೆಂದು ನನಗೆ ತೋಚಿರಲಿಲ್ಲ.

ಹಾಗೆ ನೋಡಿದರೆ ನಮಗೆ ಇದೆಲ್ಲ ಹೊಸದೇ? ವಿಜಯವಾಡದಿಂದ ಮಚಿಲೀಪಟ್ಟಣದ ಕಡೆ ಹೋದರೆ ಕೂಚಿಪೂಡಿ ಸಿಗುತ್ತದೆ. ಆ ಊರಿನ ವೇದಾಂತಂ ಸತ್ಯನಾರಾಯಣ ಶರ್ಮ ಅವರು ಸತ್ಯಭಾಮೆಯಾಗಿ ಜಡೆಯನ್ನು ಮುಂದಕ್ಕೆ ಹಾಕಿಕೊಂಡು ರಂಗಕ್ಕೆ ಬಂದರೆ ಹೆಂಗಸರೇ ನಾಚುತ್ತಿದ್ದರೆಂದು ಇಲ್ಲಿನ ಹಿರಿಯರು ಹೇಳುತ್ತಾರೆ. 1970ರಲ್ಲೇ ಅವರಿಗೆ ಪದ್ಮಶ್ರೀ ಬಂತು. ನಮ್ಮ ಯಕ್ಷಗಾನದ ಸ್ತ್ರೀವೇಷದವರಿಗೆ ಚಪ್ಪಾಳೆ ಹೊಡೆದು ಬೆಳೆದವರು ನಾವು. ಬೃಹನ್ನಳೆಯ ಕತೆ ಕೇಳುತ್ತ ನಿದ್ದೆ ಹೋದವರು. ವೇಷ ಕಳಚಿದ ಮೇಲೆ ಗಂಡಸು ಗಂಡಸಾಗಿಯೇ ಮನೆಗೆ ಹೋಗುತ್ತಾನೆಂಬ ಧೈರ್ಯವಿದ್ದರೆ ನಮಗೆ ಎಲ್ಲವೂ ಚಂದ.

ಧೈರ್ಯವಿಲ್ಲದಾಗ ಏನು ಮಾಡುತ್ತೇವೆಂಬುದನ್ನು ನೋಡಲು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದರೆ ಸಾಕು. ದೂರದಲ್ಲಿ ಚಪ್ಪಾಳೆ ಕೇಳಿದ್ದೇ ತಡ, ಅರ್ಧ ಡಬ್ಬಿಗೆ ಒಮ್ಮೆಲೇ ನಿದ್ದೆ! ನಾನೂ ಹತ್ತು ರೂಪಾಯಿ ಕೈಯಲ್ಲಿ ಹಿಡಿದು ಕಿಟಕಿ ನೋಡುವವಳೇ. ಒಮ್ಮೆ ತುನಿ ದಾಟಿದ ಮೇಲೆ ಒಬ್ಬಾಕೆ ಬಂದಳು. ನಾನು ಕ್ರೋಶಾ ಹಾಕುತ್ತಿದ್ದೆ. ನೋಟು ತೆಗೆದುಕೊಂಡು ಹೋಗುವ ಬದಲು ನಿಂತು ನೋಡಿ, "ಅಮ್ಮಾ, ಇಕ್ಕಡ ಒಕ ಕುಟ್ಟು ತಪ್ಪಿಂದಿ" ಎಂದಳು. ಎಣಿಸಿದೆ. ನಿಜವಾಗಿಯೂ ಒಂದು ಹೊಲಿಗೆ ತಪ್ಪಿತ್ತು. ತಲೆಯೆತ್ತುವಷ್ಟರಲ್ಲಿ ಮುಂದಿನ ಡಬ್ಬಿಗೆ ಹೋಗಿದ್ದಳು.

ಈಗ ಹೊಸಪೇಟೆಯ ಅಂಗಳಕ್ಕೆ ಬರುತ್ತೇನೆ.

ನಮ್ಮದು ಕೂಡುಕುಟುಂಬ. ಚಿಕ್ಕಪ್ಪನ ಮಗ ನನಗಿಂತ ಎರಡು ವರ್ಷ ಚಿಕ್ಕವನು. ಹೆಸರು ಬರೆಯುವುದಿಲ್ಲ. ಧನುರ್ಮಾಸದಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವುದು ನನ್ನ ಪಾಲಿನ ಕೆಲಸ. ನಾನೋ ನಿದ್ದೆಗಣ್ಣಿನವಳು, ಐದು ಚುಕ್ಕಿ ಇಟ್ಟರೆ ಆರನೆಯದು ಓಡಿಹೋಗುತ್ತಿತ್ತು. ಅವನು ಕತ್ತಲಲ್ಲೇ ಎದ್ದು ಬಂದು, "ಅಕ್ಕಾ, ನೀ ಕೂಡು" ಎಂದು ನನ್ನ ಕೈಯಿಂದ ಬಟ್ಟಲು ತೆಗೆದುಕೊಳ್ಳುತ್ತಿದ್ದ. ಇಪ್ಪತ್ತೊಂದು ಚುಕ್ಕಿಯ ರಂಗೋಲಿ. ಬೆರಳಿನ ಸಂದಿಯಿಂದ ಪುಡಿ ನೂಲಿನಂತೆ ಇಳಿಯುತ್ತಿತ್ತು, ಎಲ್ಲೂ ತುಂಡಾಗುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಒಳಗೆ ಓಡಿಬಿಡುತ್ತಿದ್ದ. ಬೀದಿಯ ಹೆಂಗಸರು ಹೊಗಳಿದ್ದು ನನ್ನನ್ನು. ನಾನು ಸುಮ್ಮನೆ ಹೊಗಳಿಸಿಕೊಂಡೆ.

ಒಂದು ದಿನ ಎದುರು ಮನೆಯವರಿಗೆ ಗುಟ್ಟು ತಿಳಿದು ಬೀದಿಯೆಲ್ಲ ನಕ್ಕಿತು. ನನಗೆ ಅವಮಾನವಾಯಿತು. ಆ ಸಿಟ್ಟಿನಲ್ಲಿ ಚಿಕ್ಕಪ್ಪನ ಮುಂದೆ ಹೋಗಿ, "ಇವನು ನನ್ನ ಬಳೆ ತೊಟ್ಟುಕೊಂಡು ಕನ್ನಡಿ ಮುಂದೆ ನಿಲ್ತಾನೆ" ಎಂದು ಹೇಳಿಬಿಟ್ಟೆ. ಹೇಳಿದ್ದು ಸುಳ್ಳಲ್ಲ. ಅವನು ನನ್ನೊಬ್ಬಳ ಮುಂದೆ ನಂಬಿ ತೊಟ್ಟದ್ದು ಅದು. ಚಿಕ್ಕಪ್ಪ ಅಂಗೈ ಚಾಚಿಸಿ ಬೆತ್ತದಿಂದ ಬಾರಿಸಿದರು. ಬೆರಳುಗಳ ಮೇಲೂ ಬಿತ್ತು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಮರುದಿನ ಬಾಗಿಲಿಗೆ ನನ್ನ ಐದು ಚುಕ್ಕಿಯ ರಂಗೋಲಿಯೇ.

ಎರಡು ವರ್ಷದ ನಂತರ, ಹತ್ತನೆಯ ತರಗತಿಯ ಪರೀಕ್ಷೆಗೆ ಮೊದಲೇ, ಅವನು ಮನೆ ಬಿಟ್ಟ. ಹುಲಿಗಿಯ ಜಾತ್ರೆಯಲ್ಲಿ ಜೋಗತಿಯರ ನಡುವೆ ಕೊಡ ಹೊತ್ತದ್ದನ್ನು ನೋಡಿದೆವೆಂದು ಯಾರೋ ಹೇಳಿದರು. ತುಂಗಭದ್ರಾ ಅಣೆಕಟ್ಟಿನ ಆಚೆ ದಡದಲ್ಲೇ ಹುಲಿಗೆಮ್ಮನ ಗುಡಿ, ಹೊಸಪೇಟೆಗೆ ಹತ್ತಿರ. ಚಿಕ್ಕಪ್ಪ ಹೋಗಲಿಲ್ಲ. ಚಿಕ್ಕಮ್ಮ ಮಾತ್ರ ಹರಕೆ ಎಂದು ಹೇಳಿ ಪ್ರತಿ ಹುಣ್ಣಿಮೆಗೂ ಹೋಗುತ್ತಿದ್ದರು, ಸಾಯುವವರೆಗೂ. ಏನು ಹರಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ರಾಷ್ಟ್ರಪತಿಗಳ ಮುಂದೆ ನಿಂತು, ಸೆರಗು ಹಿಡಿದು ದೃಷ್ಟಿ ನಿವಾಳಿಸಿದರು. ಅವರು ನಮ್ಮ ಬಳ್ಳಾರಿ ಜಿಲ್ಲೆಯವರೇ, ಹುಲಿಗೆಮ್ಮನ ಸನ್ನಿಧಿಯಲ್ಲೇ ಮುತ್ತು ಕಟ್ಟಿಸಿಕೊಂಡವರು. ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಎಲ್ಲರೂ ಅವರನ್ನು ನೋಡುತ್ತಿದ್ದರೆ, ನಾನು ಟಿ.ವಿ.ಗೆ ಹತ್ತಿರ ಹೋಗಿ ಅವರ ಬೆರಳುಗಳನ್ನು ನೋಡುತ್ತಿದ್ದೆ. ನಮ್ಮವರು, "ಇಷ್ಟು ಹತ್ತಿರ ನಿಂತರೆ ಕಣ್ಣು ಹಾಳಾಗುತ್ತೆ" ಎಂದರು.

ಇಷ್ಟೆಲ್ಲ ಆದ ಮೇಲಾದರೂ ಬುದ್ಧಿ ಬಂದಿರಬೇಕಲ್ಲವೇ? ಕಳೆದ ರಾಜ್ಯೋತ್ಸವದ ರಂಗೋಲಿ ಸ್ಪರ್ಧೆ ನಿಮಗೆ ನೆನಪಿರಬಹುದು. ತೀರ್ಪುಗಾರರಲ್ಲಿ ನಾನೂ ಒಬ್ಬಳು. ತಾಯಿಯ ಜೊತೆ ಬಂದಿದ್ದ ಒಬ್ಬ ಹುಡುಗ, "ನಾನೂ ಹಾಕಬಹುದಾ ಆಂಟಿ?" ಎಂದು ಕೇಳಿದ. ಮಹಿಳೆಯರಿಗೆ ಮಾತ್ರ ಎಂದು ಹೇಳಿದೆವು. ಅಷ್ಟಕ್ಕೆ ನಿಲ್ಲಲಿಲ್ಲ. "ಸೀರೆ ಉಟ್ಟು ಬಾ, ಸೇರಿಸಿಕೊಳ್ತೀವಿ" ಎಂದರು ನಮ್ಮಲ್ಲೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. "ಪರವಾಗಿಲ್ಲ ಆಂಟಿ" ಎಂದು ಅವನು ಕುರ್ಚಿ ಜೋಡಿಸಲು ಹೋದ. ಸಂಜೆ ಬಹುಮಾನ ಹಂಚಿ ಹೊರಡುವಾಗ ಚಪ್ಪಲಿ ಬಿಡುವ ಜಾಗದ ಮೂಲೆಯಲ್ಲಿ ಅಂಗೈಯಗಲದ ಒಂದು ರಂಗೋಲಿ ಕಂಡೆ. ಯಾರದೋ ಕಾಲು ತಾಗಿ ಅರ್ಧ ಅಳಿಸಿತ್ತು. ಉಳಿದರ್ಧ ನಾವು ಮೊದಲ ಬಹುಮಾನ ಕೊಟ್ಟದ್ದಕ್ಕಿಂತ ಚೆನ್ನಾಗಿತ್ತು.

ರಂಗೋಲಿ ಹಾಕುವ ಹುಡುಗರೆಲ್ಲ ಹಾಗೆ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಆ ಹುಡುಗನ ಒಳಗಿನ ವಿಷಯ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ನಾವು ನಕ್ಕದ್ದು ಮಾತ್ರ ಗೊತ್ತು. ಆ ತಾಯಿ ಯುಗಾದಿಗೂ ಬರಲಿಲ್ಲ, ಪುರಂದರ ದಾಸರ ಆರಾಧನೆಗೂ ಬರಲಿಲ್ಲ. ಇದನ್ನು ಬರೆಯುವ ಮೊದಲು ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಬರೆಯಲೇ ಎಂದೂ ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಬರೀರಿ. ಹೆಸರು ಮಾತ್ರ ಬೇಡ" ಎಂದರು.

ಈ ಸಂಚಿಕೆಯ ಕೊನೆಯ ಪುಟದಲ್ಲಿ ಈ ವರ್ಷದ ರಾಜ್ಯೋತ್ಸವ ಸ್ಪರ್ಧೆಗಳ ಪ್ರಕಟಣೆ ಇದೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. 'ಮಹಿಳೆಯರಿಗಾಗಿ ರಂಗೋಲಿ ಸ್ಪರ್ಧೆ' ಎಂದಿದ್ದಲ್ಲಿ ಮೊದಲ ಪದವನ್ನು ಹೊಡೆದುಹಾಕಿದ್ದೇನೆ, ಕಾರ್ಯದರ್ಶಿಗಳಿಗೆ ಹೇಳಿಯೇ. ಅವರು ಸ್ವಲ್ಪ ಯೋಚಿಸಿ, "ಜನ ಜಾಸ್ತಿಯಾಗಿ ಜಾಗ ಸಾಲದಿದ್ದರೆ?" ಎಂದರು. ಸ್ಕೂಟರ್ ನಿಲ್ಲಿಸುವ ಜಾಗವನ್ನೂ ತೊಳೆಸಿಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಬೆಳಿಗ್ಗೆ ಎಂಟು ಗಂಟೆಗೆ ಆರಂಭ. ರಂಗೋಲಿ ಪುಡಿ ಸಂಘದಿಂದಲೇ ಕೊಡುತ್ತೇವೆ, ಬಣ್ಣ ಅವರವರೇ ತರಬೇಕು.